ಗುರುವಾರದ ಮೇಜು

ಅವಳು ಬಂದದ್ದು ಒಗೆಯಲಿಕ್ಕಲ್ಲ.
ಏಳನೇ ಮಶೀನಿನ ಪಕ್ಕ, ಸೋಪಿನ ಡಬ್ಬಿ ಒಟ್ಟುವ ಮೂಲೆ ತೋರಿಸಿ
ವಾರಕ್ಕೊಂದು ಸಂಜೆ ಇದನ್ನು ಕೊಡುತ್ತೀರಾ ಅಂದಳು.
ಬಾಡಿಗೆ ಎಷ್ಟು ಕೊಡುತ್ತೀ ಅಂದೆ ನಾನು.
ಸಿನ್ಸಿನಾಟಿಯಲ್ಲಿ ಮೂವತ್ತು ವರ್ಷ ಲಾಂಡ್ರಿ ನಡೆಸಿದವಳ ಬಾಯಿಗೆ
ಮೊದಲು ಬರುವುದೇ ಅದು.

ವೊನೆಟ್ಟಾ ಗೇಥರ್ ಅವಳ ಹೆಸರು.
ಗಾಜಿನ ಕಟ್ಟಡವೊಂದರ ಹದಿನೆಂಟನೇ ಮಹಡಿಯಲ್ಲಿ
ಇಪ್ಪತ್ತೊಂದು ವರ್ಷ ಅವಳಿಗಿದ್ದ ಕೆಲಸ
ಮುಖಕ್ಕೆ ಹಚ್ಚುವ ಬಣ್ಣಗಳಿಗೆ ಹೆಸರಿಡುವುದು.
ಇಂಥದಕ್ಕೂ ಸಂಬಳ ಕೊಡುತ್ತಾರೆ, ಹಲ್ಲಿನ ವಿಮೆಯನ್ನೂ.
ಮುತ್ತು, ದಂತ, ಬೆಳಗಿನ ಹಿಮ, ಇವು ಮೊದಲ ಸಾಲಿನವು.
ಆಮೇಲೆ ತಿನ್ನುವ ಪದಾರ್ಥ ಶುರು:
ಜೇನು, ದಾಲ್ಚಿನ್ನಿ, ಸುಟ್ಟ ಸಕ್ಕರೆ, ಕಾಫಿ.
ಕೊನೆಯ ಮೂರಕ್ಕೆ ಹೆಸರೇ ಇಲ್ಲ, ನಂಬರು.
ಅವಳ ಕೆನ್ನೆ ಒಂಬತ್ತನೆಯದು.

ಹೆಸರಿಡುವವಳು ನೀನೇ, ಮತ್ಯಾಕೆ ನಂಬರು ಅಂತ ಕೇಳಿದೆ.
ಪ್ರತಿ ವರ್ಷ ಬರೆದುಕೊಟ್ಟೆ, ಅಂದಳು,
ಪ್ರತಿ ವರ್ಷ ಮಾತಿಗೆ ಬಣ್ಣ ಕಟ್ಟಿ ವಾಪಸು ಕಳಿಸಿದರು.
ಕಡೆಗೊಂದು ಮಂಗಳವಾರ, ಮೀಟಿಂಗಿನಲ್ಲಿ,
ಮಾರಾಟವಿಲ್ಲದ ಮೂರು ಡಬ್ಬಿ ಕೈಬಿಡೋಣ ಅಂದರು.
ಒಪ್ಪಿ ಕೈ ಎತ್ತಿದವರಲ್ಲಿ ಅವಳೂ ಒಬ್ಬಳು.
ಎತ್ತಿದ ಕೈ ಇಳಿಸುವಾಗ ಅದನ್ನು ನೋಡಿದಳಂತೆ.
ಇಷ್ಟೇ ಹೇಳಿದಳು. ಮುಂದಿನದು ನಾನು ಕೇಳಲಿಲ್ಲ,
ಡ್ರೈಯರ್ ಕೂಗಿತು.

ಮೇಜು, ಆರು ಬಣ್ಣದ ಬಾಟಲಿ, ಖಾಲಿ ಕಾರ್ಡುಗಳ ಕಟ್ಟು.
ಬಟ್ಟೆ ತಿರುಗುವ ನಲವತ್ತು ನಿಮಿಷ ನಿಮ್ಮದು:
ನಿಮ್ಮ ತೋಳಿನ ಬಣ್ಣ ನೀವೇ ಕಲಸಿ, ನೀವೇ ಹೆಸರಿಡಿ.
ಭಾಷಣವಿಲ್ಲ. ಮೊದಲ ಮೂರು ಗುರುವಾರ ಜನವೂ ಇಲ್ಲ.
ಅವಳ ಅಕ್ಕ ಬಂದಳು, ಬಾಗಿಲಲ್ಲೇ ನಿಂತು ಬೈದು ಹೋದಳು,
ಮನೆಯ ಕಂತು ಯಾರು ಕಟ್ಟುತ್ತಾರೆ, ಈ ಮಕ್ಕಳಾಟವೇ?
ವೊನೆಟ್ಟಾ ಒದ್ದೆಯಾಗದ ಬ್ರಷ್ಷುಗಳನ್ನು ತೊಳೆದಳು.

ನಾಲ್ಕನೆಯ ವಾರ ಹಾರ್ಲನ್ ಸೈಜ್‌ಮೋರ್,
ಕೆಂಟಕಿಯ ಗಣಿಯಿಂದ ಬಂದ ಮುದುಕ, ಮಾತಿಗೆ ಮುಂಚೆ ಕೆಮ್ಮುವವನು,
ಬೇಸರಕ್ಕೆ ಕೂತ. ಬಿಳಿಯ ಬಾಟಲಿಯನ್ನೇ ಎತ್ತಿ ಸುರಿದ.
ತೋಳಿನ ಪಕ್ಕ ಹಿಡಿದರೆ ಅದು ಗೋಡೆ.
ಕೆಂಪು ಸೇರಿಸು, ಅಂದಳು. ಹಳದಿ. ಇನ್ನೊಂದಿಷ್ಟು ಕಂದು.
ಅಷ್ಟು ಕಂದೇ?
ಅಷ್ಟು.
ಮುಕ್ಕಾಲು ಗಂಟೆಯ ಮೇಲೆ ತಲೆ ಎತ್ತಿ ಅಂದ,
ಎಪ್ಪತ್ತೊಂದು ವರ್ಷ ಫಾರಮ್ಮುಗಳಲ್ಲಿ ಸುಳ್ಳು ಬರೆದಿದ್ದೇನೆ.
ನಗೆಯೋ ಕೆಮ್ಮೋ ತಿಳಿಯಲಿಲ್ಲ.
ಅವನ ಬಟ್ಟೆ ಆರಿ ತಣ್ಣಗಾಗಿತ್ತು.

ಅದರಿಂದೇನೂ ಅವನು ಬದಲಾಗಲಿಲ್ಲ. ಮುಂದಿನ ವಾರವೇ
ಗಾಡಿ ನಿಲ್ಲಿಸುವ ಜಾಗಕ್ಕೆ ಯಾರಿಗೋ ಏನೋ ಅಂದ,
ನಾನೂ ಕೇಳಿಸಿಕೊಂಡೆ, ಅವಳೂ.
ಗೋಡೆಯ ಮೇಲಿನ ಅವನ ಕಾರ್ಡನ್ನು ಕೀಳುತ್ತಾಳೆ ಅಂದುಕೊಂಡೆ.
ಕುರ್ಚಿ ಎಳೆದು ಅದರ ಎದುರಿಗೇ ಕೂರಿಸಿದಳು.

ಟಮಾಯಾ ಅಂತ ಒಂದು ಹುಡುಗಿ, ಮೂರನೇ ಕ್ಲಾಸು,
ತನ್ನ ಬಣ್ಣಕ್ಕೆ ಇಟ್ಟ ಹೆಸರು
'ಅಮ್ಮ ಕೆಲಸದಿಂದ ಬಂದ ಹೊತ್ತು'.
ವೊನೆಟ್ಟಾ ಓದಿ ಹೊರಗೆ ಹೋದವಳು ಸ್ವಲ್ಪ ಹೊತ್ತು ಹೊರಗೇ ಇದ್ದಳು.
ಇಪ್ಪತ್ತೊಂದು ವರ್ಷ ನನಗೆ ಇದು ಹೊಳೆಯಲಿಲ್ಲ ನೋಡಿ,
ಅಂದಳು ಬಂದ ಮೇಲೆ.

ನಾನು ತಪ್ಪಿಸಿಕೊಂಡೇ ಇದ್ದೆ.
ಬಟ್ಟಂಬಾಂಗಿನಲ್ಲಿ ನನ್ನ ತಾಯಿ
ಬಿಸಿಲಿಗೆ ಹೋದರೆ ಯಾರು ಕಟ್ಟಿಕೊಳ್ಳುತ್ತಾರೆ ಎಂದು
ಅಕ್ಕಿ ತೊಳೆದ ನೀರು ಮುಖಕ್ಕೆ ಉಜ್ಜುತ್ತಿದ್ದಳು.
ಆ ನೀರು ಇನ್ನೂ ಪೂರ್ತಿ ಆರಿಲ್ಲ.
ಒಂದು ರಾತ್ರಿ ಅಂಗಡಿ ಮುಚ್ಚಿ ಒಬ್ಬಳೇ ಕಲಸಿದೆ.
ಬಣ್ಣ ಸಿಕ್ಕಿತು. ಹೆಸರು ಸಿಗಲಿಲ್ಲ.
ಕಾರ್ಡು ಏಪ್ರನ್ನಿನ ಜೇಬಿನಲ್ಲೇ ಉಳಿದು
ಮರುದಿನ ಯಾರದೋ ಬಿಳಿ ಬಟ್ಟೆಗಳ ಜತೆ ಮಶೀನಿಗೆ ಹೋಯಿತು.

ಬಿಳಿ ಕೆಟ್ಟಿತು ಎಂದು ಕೂಗಾಡಿದರು. ದುಡ್ಡು ಕೊಟ್ಟೆ.
ದಿಂಬಿನ ಚೀಲ ನನಗುಳಿಯಿತು.
ರಾತ್ರಿ ಅದರ ಮೇಲೇ ಮಲಗುತ್ತೇನೆ ಈಗ.
ಕಲೆ ಎಲ್ಲಿ ಮುಗಿಯಿತು, ಕೆನ್ನೆ ಎಲ್ಲಿ ಶುರುವಾಯಿತು,
ಹೇಳಲಾರೆ.
ವೊನೆಟ್ಟಾ ಬಾಡಿಗೆ ಇನ್ನೂ ಕೊಟ್ಟಿಲ್ಲ.